ಬಾಣಂತಿಯ ಮಂಚದ ಪಕ್ಕ: ತೊಟ್ಟಿಲು, ಜೋಲಿ, ಪರದೆ ಹಾಸಿಗೆ, ಬೆಡ್‌ಸೈಡ್ ಕ್ರಿಬ್

ಹಗಲು ತೊಟ್ಟಿಲಲ್ಲಿ, ರಾತ್ರಿ ತಾಯಿಯ ಮಗ್ಗುಲಲ್ಲಿ ಎಂಬುದು ಹಸುಗೂಸಿನ ನಿದ್ದೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸದ ಏರ್ಪಾಡು. ನನ್ನ ಬಾಣಂತನ ಧಾರವಾಡದ ತವರುಮನೆಯಲ್ಲಿ ನಡೆಯಿತು. ಅನಂತರ ಮಗುವನ್ನು ಕರೆದುಕೊಂಡು ಬೆಂಗಳೂರಿನ ಫ್ಲ್ಯಾಟಿಗೆ ಬಂದೆವು. ಈ ಎರಡು ಮನೆಗಳಲ್ಲಿ ಮಗು ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ, ಸೀರೆಯ ಜೋಲಿಯಲ್ಲಿ, ಸೊಳ್ಳೆ ಪರದೆಯ ಪುಟ್ಟ ಹಾಸಿಗೆಯಲ್ಲಿ, ಮಂಚಕ್ಕೆ ಜೋಡಿಸುವ ಬೆಡ್‌ಸೈಡ್ ಕ್ರಿಬ್ಬಿನಲ್ಲಿ ಮತ್ತು ಸುತ್ತಲೂ ಬಲೆಯ ಬದಿಗಳಿರುವ, ಮಡಚುವ ಪ್ಲೇಪೆನ್ನಿನಲ್ಲಿ ಮಲಗಿದೆ. ಯಾವುದರಲ್ಲಿ ಹೆಚ್ಚು ಹೊತ್ತು ನಿದ್ದೆ ಮಾಡಿತು ಎಂಬುದನ್ನು ನಾನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿಲ್ಲ, ಏಕೆಂದರೆ ಮಗು ಚೆನ್ನಾಗಿ ನಿದ್ರಿಸುವ ಜಾಗವೆಲ್ಲ ಸುರಕ್ಷಿತ ಜಾಗವಾಗಿರುವುದಿಲ್ಲ. ಮನೆಯವರೆಲ್ಲ ಮಲಗಿದ್ದಾಗ, ಯಾರ ಕಣ್ಣೂ ಮಗುವಿನ ಮೇಲೆ ಇಲ್ಲದಾಗ, ಅದರ ಉಸಿರಾಟಕ್ಕೆ ಅಡ್ಡಿಯಾಗುವಂಥದ್ದು ಏನಾದರೂ ಇದೆಯೇ ಎಂಬುದೇ ನಾನು ಎಲ್ಲವನ್ನೂ ತೂಗಿ ನೋಡಿದ ಪ್ರಶ್ನೆ.

ಇದಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಪರಿಷ್ಕರಿಸಿದ ಸಲಹೆಗಳನ್ನು. ಮಗುವನ್ನು ಪ್ರತಿ ನಿದ್ದೆಗೂ ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅದರ ಮೇಲೆ ದಿಂಬು, ಹೊದಿಕೆ, ಗೊಂಬೆ ಯಾವುದೂ ಇರಬಾರದು. ಕನಿಷ್ಠ ಮೊದಲ ಆರು ತಿಂಗಳು ತಂದೆತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸಬೇಕು. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಹಿರಿಯರು ಹೆದರುತ್ತಾರೆ. ವಾಸ್ತವದಲ್ಲಿ ಅಂಗಾತ ಮಲಗಿದಾಗ ಶ್ವಾಸನಾಳ ಮೇಲೂ ಅನ್ನನಾಳ ಕೆಳಗೂ ಇರುವುದರಿಂದ, ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಇಳಿಯುವ ಸಂಭವ ಕಡಿಮೆ. 1990ರ ದಶಕದಲ್ಲಿ ಅಂಗಾತ ಮಲಗಿಸುವ ಸಲಹೆ ವ್ಯಾಪಕವಾದ ಮೇಲೆ ಅಮೆರಿಕದಲ್ಲಿ ಶಿಶುಗಳ ಹಠಾತ್ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ಮೊದಲು ತೊಟ್ಟಿಲಿನ ಮಾತು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ನಮ್ಮ ಭಾಗದಲ್ಲಿ ತಲೆಮಾರುಗಳ ಆಸ್ತಿ. ಅರಗಿನ ಬಣ್ಣ, ಪುರಾಣದ ಚಿತ್ರಗಳು, ಸುತ್ತಲೂ ಕಡೆದ ಸಣ್ಣ ಕಂಬಗಳು, ಮೇಲೆ ತೂಗುವ ಕಟ್ಟಿಗೆಯ ಗಿಳಿಗಳು; ಮಗುವಿಗೆ ಹೆಸರಿಡುವ ದಿನ ಅದಿಲ್ಲದೆ ನಡೆಯದು, ನಮ್ಮಲ್ಲಿಲ್ಲದಿದ್ದರೆ ನೆಂಟರ ಮನೆಯಿಂದಾದರೂ ತರಿಸಬೇಕು. ಅದರ ತಳ ಗಟ್ಟಿ ಹಲಗೆ ಎಂಬುದು ದೊಡ್ಡ ಗುಣ, ಇಂದಿನ ಎಷ್ಟೋ ಮೆತ್ತನೆಯ ಹಾಸಿಗೆಗಳಿಗಿಂತ ಅದು ಮೇಲು. ಆದರೆ ಆ ಹಲಗೆಯ ಮೇಲೆ ಎರಡು ಕೌದಿ, ಅದರ ಮೇಲೆ ಹಳೆಯ ಮೆತ್ತನೆ ಸೀರೆ, ತಲೆ ದುಂಡಗಾಗಲಿ ಎಂದು ಸಾಸಿವೆ ದಿಂಬು, ತಲೆಗೆ ಕುಲಾಯಿ, ಹೀಗೆ ಒಂದೊಂದಾಗಿ ಸೇರುತ್ತಾ ಹೋಗಿ ತೊಟ್ಟಿಲಿನ ಗುಣವೆಲ್ಲ ಮುಚ್ಚಿಹೋಗುತ್ತದೆ. ನಾನು ತಳಕ್ಕೆ ಹೊಂದುವ ತೆಳುವಾದ ಹತ್ತಿಯ ಗಾದಿಯೊಂದನ್ನು ಬಿಗಿಯಾಗಿ ತುಂಬಿ ಹೊಲಿಸಿ, ಉಳಿದದ್ದನ್ನೆಲ್ಲ ತೆಗೆಸಿದೆ. ದಿಂಬಿನ ಬಗ್ಗೆ ಅಜ್ಜಿಗೆ ಬೇಸರವಾಯಿತು. ಮಗು ಎಚ್ಚರವಿದ್ದಾಗ ದಿನಕ್ಕೆ ಒಂದೆರಡು ಬಾರಿ ಎದುರಲ್ಲೇ ಕುಳಿತು ಬೋರಲು ಮಲಗಿಸುತ್ತಿದ್ದರೆ ತಲೆಯ ಹಿಂಭಾಗ ಚಪ್ಪಟೆಯಾಗುವುದು ಕಡಿಮೆಯಾಗುತ್ತದೆ ಎಂದು ಮಕ್ಕಳ ವೈದ್ಯರ ಬಾಯಿಂದ ಕೇಳಿದ ಮೇಲೆ ಸಮಾಧಾನಗೊಂಡರು.

ತೊಟ್ಟಿಲಿನ ನಿಜವಾದ ತೊಡಕುಗಳು ಬೇರೆ. ಅಮೆರಿಕದ ನಿಯಮದಂತೆ ಕ್ರಿಬ್ಬಿನ ಎರಡು ಪಟ್ಟಿಗಳ ನಡುವಣ ಅಂತರ ಆರು ಸೆಂಟಿಮೀಟರನ್ನು, ಎಂದರೆ ಎರಡೂಕಾಲು ಇಂಚಿಗಿಂತ ತುಸು ಹೆಚ್ಚಿನ ಅಳತೆಯನ್ನು ಮೀರುವಂತಿಲ್ಲ. ಮೀರಿದರೆ ಮಗುವಿನ ಮೈ ಜಾರಿ ಹೊರಗೆ ಹೋಗಿ ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳಬಹುದು. ನಮ್ಮ ತೊಟ್ಟಿಲಿನ ಕಂಬಗಳ ನಡುವೆ ನನ್ನ ಮುಷ್ಟಿ ಸಲೀಸಾಗಿ ತೂರುತ್ತಿತ್ತು. ಎರಡನೆಯದು, ತೂಗು. ತೂಗುವ ಕೈ ಇರುವಷ್ಟು ಹೊತ್ತು ಚಿಂತೆಯಿಲ್ಲ. ಆದರೆ ಸರಪಳಿಗಳಲ್ಲಿ ಒಂದು ಕೊಂಡಿಯಷ್ಟು ವ್ಯತ್ಯಾಸವಾದರೂ ತೊಟ್ಟಿಲು ಓರೆಯಾಗಿ ನಿಲ್ಲುತ್ತದೆ, ಮಗು ಮೆಲ್ಲನೆ ಆ ಮಗ್ಗುಲಿಗೆ ಜಾರಿ ಮುಖವನ್ನು ಬದಿಗೆ ಒತ್ತಿಕೊಳ್ಳುತ್ತದೆ. ಹಾಗೆ ಒತ್ತಿಕೊಂಡ ಮುಖವನ್ನು ತಾನಾಗಿ ಬಿಡಿಸಿಕೊಳ್ಳುವಷ್ಟು ಶಕ್ತಿ ಹಸುಗೂಸಿನ ಕತ್ತಿಗೆ ಇರದಿರಬಹುದು. ಮೂರನೆಯದು ಹಳೆಯ ಬಣ್ಣ. ಮೂಲದ ಅರಗಿನ ಬಣ್ಣದ ಮೇಲೆ ನಡುವೆ ಯಾರೋ ಅಂಗಡಿಯ ಎನಾಮೆಲ್ ಬಳಿದಿದ್ದರೆ ಎಚ್ಚರಿಕೆ ಬೇಕು, ಏಕೆಂದರೆ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಮ್‌ಗೆ, ಎಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗೆ, ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ತೊಟ್ಟಿಲು ನಮ್ಮಲ್ಲಿ ಪಡಸಾಲೆಯಲ್ಲಿ, ಹಗಲು ಹೊತ್ತು, ಯಾರಾದರೂ ಎದುರು ಕುಳಿತಿದ್ದಾಗ ಮಾತ್ರ ಬಳಕೆಯಾಯಿತು. ಆ ಮಿತಿಯೊಳಗೆ ಅದಕ್ಕೆ ಸಾಟಿಯಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಸೀರೆಯ ಜೋಲಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಳುವ ಮಗುವನ್ನು ಅದರಷ್ಟು ಬೇಗ ಸುಮ್ಮನಿರಿಸುವ ಸಾಧನ ಇನ್ನೊಂದಿಲ್ಲ, ಅದರಷ್ಟು ಅಪಾಯಕರವಾದದ್ದೂ ಈ ಐದರಲ್ಲಿ ಇನ್ನೊಂದಿಲ್ಲ. ಬಟ್ಟೆಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ತಾಗುತ್ತದೆ. ಹಾಗೆ ತಾಗಿದಾಗ ಮೆತ್ತನೆಯ ಶ್ವಾಸನಾಳ ಮಡಚಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ, ಮೇಲಾಗಿ ಸೀರೆಯ ಎರಡು ಅಂಚುಗಳು ಮುಖದ ಮೇಲೆ ಕೂಡಿಕೊಳ್ಳುತ್ತವೆ. ಸ್ಪ್ರಿಂಗ್ ಹಾಕಿದ ಸಿದ್ಧ ಜೋಲಿಗಳಲ್ಲಿಯೂ ಮಲಗುವ ಭಂಗಿ ಇದೇ. ಓರೆ ಭಂಗಿಯ ಅಪಾಯ ಕಲ್ಪನೆಯದಲ್ಲ: ಫಿಶರ್ ಪ್ರೈಸ್ ಕಂಪನಿಯ ರಾಕ್ ಎನ್ ಪ್ಲೇ ಎಂಬ ಓರೆ ಮಲಗುತೊಟ್ಟಿಲಲ್ಲಿ 30ಕ್ಕೂ ಹೆಚ್ಚು ಶಿಶುಗಳ ಸಾವು ವರದಿಯಾದ ಮೇಲೆ 2019ರ ಏಪ್ರಿಲಿನಲ್ಲಿ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ಹಿಂದಕ್ಕೆ ಪಡೆಯಲಾಯಿತು, ಮತ್ತು ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶು ಹಾಸಿಗೆಗಳನ್ನು 2022ರಲ್ಲಿ ಅಮೆರಿಕ ಕಾನೂನಿನ ಮೂಲಕವೇ ನಿಷೇಧಿಸಿತು. ಜೋಲಿಯಲ್ಲಿ ನಿದ್ದೆ ಹತ್ತಿದ ಮಗುವನ್ನು ಎತ್ತಿ ಸಮತಟ್ಟು ಹಾಸಿಗೆಗೆ ಸಾಗಿಸುವ ತಾಳ್ಮೆ ಯಾರಿಗಿದೆಯೋ ಅವರು ಮಾತ್ರ ಅದನ್ನು ಕಟ್ಟಬೇಕು. ನಮ್ಮ ಮನೆಯಲ್ಲಿ ಆ ತಾಳ್ಮೆ ಯಾರಿಗೂ ಇರಲಿಲ್ಲವಾದ್ದರಿಂದ ಅದನ್ನು ಬಿಚ್ಚಿಸಿದೆವು.

ಛತ್ರಿಯಂತೆ ಬಿಚ್ಚಿ ಮಡಚುವ ಸೊಳ್ಳೆ ಪರದೆಯ ಹಾಸಿಗೆ ಪ್ರತಿ ಬಾಣಂತಿಗೂ ಉಡುಗೊರೆಯಾಗಿ ಒಂದಾದರೂ ಬರುತ್ತದೆ. ಡೆಂಗಿಯ ಕಾಲದಲ್ಲಿ ಪರದೆ ಬೇಕೇ ಬೇಕು, ಹಗಲು ನೆಲದ ಮೇಲೆ ಅದು ಉಪಯುಕ್ತವೇ. ಅದರ ಜೊತೆ ಬರುವ ಮೆತ್ತನೆಯ ಹಾಸು ಮತ್ತು ದಿಂಬುಗಳನ್ನು ತೆಗೆದಿಟ್ಟು ಗಟ್ಟಿ ಚಾಪೆಯ ಮೇಲೆ ಬರಿಯ ಪರದೆಯನ್ನು ಕವುಚಿದರೆ ಸಾಕು. ರಾತ್ರಿ ಅದನ್ನು ತಂದೆತಾಯಿಯ ನಡುವೆ ದೊಡ್ಡ ಹಾಸಿಗೆಯ ಮೇಲಿಡುವುದು ಬೇರೆಯೇ ಮಾತು: ತೆಳುವಾದ ತಂತಿಯ ಆ ಚೌಕಟ್ಟು ಮಗುವಿಗೆ ಕಾವಲಾಗಿ ನಿಲ್ಲುತ್ತದೆ ಎಂಬ ಭರವಸೆಯಲ್ಲಿ ನಾವು ಮಲಗುತ್ತೇವೆ, ನಿದ್ದೆಯಲ್ಲಿ ಮೊಳಕೈ ಬಿದ್ದರೆ ತಂತಿ ಬಾಗಿ ಬಲೆ ಮುಖಕ್ಕೆ ತಾಗುತ್ತದೆ.

ಒಂದೇ ಹಾಸಿಗೆಯಲ್ಲಿ ಮಲಗುವ ಬಗ್ಗೆ ವೈದ್ಯಲೋಕದಲ್ಲಿಯೇ ಒಮ್ಮತವಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೇಲೆ ಹೇಳಿದ ಅಕಾಡೆಮಿ ಅದನ್ನು ಸಲಹೆ ಮಾಡುವುದಿಲ್ಲ. ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಾದರೋ, ಎದೆಹಾಲುಣಿಸುವ ತಾಯಿ ಬೇರೆ ಅಪಾಯಕಾರಿ ಅಂಶಗಳಿಲ್ಲದಿದ್ದರೆ ಮಗುವಿನೊಂದಿಗೆ ಮಲಗುವುದನ್ನು ಸಾರಾಸಗಟಾಗಿ ವಿರೋಧಿಸುವುದಿಲ್ಲ. ಆದರೆ ಕೆಲವು ಸಂಗತಿಗಳಲ್ಲಿ ಇಬ್ಬರೂ ಒಂದೇ ಮಾತನ್ನು ಹೇಳುತ್ತಾರೆ. ಸೋಫಾದ ಮೇಲೆ ಮಗುವಿನೊಂದಿಗೆ ನಿದ್ದೆ ಹೋಗುವುದು ಅತ್ಯಂತ ಅಪಾಯಕರ. ಮನೆಯಲ್ಲಿ ಧೂಮಪಾನಿಗಳಿದ್ದರೆ, ಮದ್ಯ ಅಥವಾ ಮಂಪರು ತರುವ ಔಷಧ ಸೇವಿಸಿದ್ದರೆ, ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಾಗಿದ್ದರೆ ಒಟ್ಟಿಗೆ ಮಲಗಲೇಬಾರದು. ಸಿಸೇರಿಯನ್ ಆದ ಮೊದಲ ವಾರಗಳಲ್ಲಿ ನೋವಿನ ಮಾತ್ರೆ ನುಂಗಿ ಮಲಗುತ್ತಿದ್ದ ನನಗೆ ಇದರಲ್ಲಿ ಆಯ್ಕೆಯೇ ಇರಲಿಲ್ಲ.

ಬೆಡ್‌ಸೈಡ್ ಕ್ರಿಬ್ ಈ ಇಕ್ಕಟ್ಟಿಗೆ ನೇರವಾಗಿ ಉತ್ತರಿಸುತ್ತದೆ. ಕಬ್ಬಿಣದ ಕೊಳವೆಯ ಚೌಕಟ್ಟು, ಮೂರು ಬದಿಗೆ ಗಾಳಿಯಾಡುವ ಬಲೆ, ನಾಲ್ಕನೆಯ ಬದಿಯನ್ನು ಜಿಪ್ ಬಿಚ್ಚಿ ಇಳಿಸಿದರೆ ಮಗು ಕೈಗೆಟಕುವಷ್ಟು ಹತ್ತಿರ, ಆದರೆ ತನ್ನದೇ ಹಾಸಿಗೆಯಲ್ಲಿ. ಹೊಲಿಗೆ ಹಾಕಿದ ಹೊಟ್ಟೆಯನ್ನು ಹಿಡಿದುಕೊಂಡು ರಾತ್ರಿ ಎರಡೆರಡು ಗಂಟೆಗೊಮ್ಮೆ ಏಳುವವರಿಗೆ, ಮಗ್ಗುಲಾಗಿ ಮಗುವನ್ನು ಎಳೆದುಕೊಂಡು ಹಾಲೂಡಿ ಮತ್ತೆ ಸರಿಸಿ ಮಲಗಿಸುವುದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಆದರೆ ಅಂಗಡಿಯವರು ಹೇಳದ ಸಂಗತಿ ಇನ್ನೊಂದಿದೆ: ಇದರ ಸುರಕ್ಷತೆಯ ಅರ್ಧಪಾಲು ನಿಮ್ಮ ಮಂಚದ ಮೇಲೆ ನಿಂತಿದೆ. ಕ್ರಿಬ್ಬಿನ ಕಾಲುಗಳು ಮಂಚದ ಅಡಿಗೆ ತೂರುವಂತೆ ಮಾಡಿರುತ್ತಾರೆ. ನಮ್ಮ ಫ್ಲ್ಯಾಟಿನಲ್ಲಿದ್ದದ್ದು ಅಡಿಯಲ್ಲಿ ಸಾಮಾನು ತುಂಬುವ ಬಾಕ್ಸ್ ಮಂಚವಾದ್ದರಿಂದ ಕಾಲುಗಳು ಹಲಗೆಗೆ ತಾಗಿ ಕ್ರಿಬ್ ಗೇಣುದ್ದ ದೂರವೇ ನಿಂತಿತು. ತವರುಮನೆಯ ಕಾಲುಮಂಚದಲ್ಲಿ ಬೇರೆ ತೊಂದರೆ: ಗಾದಿಗಿಂತ ಕಟ್ಟಿಗೆಯ ಚೌಕಟ್ಟು ನಾಲ್ಕು ಬೆರಳು ಹೊರಚಾಚಿದ್ದರಿಂದ ಕ್ರಿಬ್ ಚೌಕಟ್ಟಿಗೆ ಅಂಟಿ ನಿಂತರೂ ಗಾದಿಗೂ ಕ್ರಿಬ್ಬಿಗೂ ನಡುವೆ ಒಂದು ಕಾಲುವೆ ಉಳಿಯುತ್ತಿತ್ತು. ಅಂಥ ಸಂದಿನಲ್ಲಿ ಮಗುವಿನ ಮುಖ ಸಿಕ್ಕಿಕೊಳ್ಳುವುದೇ ಈ ಬಗೆಯ ಕ್ರಿಬ್ಬುಗಳ ಮುಖ್ಯ ಅಪಾಯ. ಸಂದಿಗೆ ಬಟ್ಟೆ ತುರುಕುವುದು ಪರಿಹಾರವಲ್ಲ, ರಾತ್ರಿಯಲ್ಲಿ ಅದು ಕುಸಿಯುತ್ತದೆ. ಫ್ಲ್ಯಾಟಿನಲ್ಲಿ ನಾವು ಬಾಕ್ಸ್ ಮಂಚದ ಗಾದಿಯನ್ನು ಮಾಮೂಲಿ ಕಾಲಿನ ಮಂಚಕ್ಕೆ ಬದಲಿಸಿ, ಗಾದಿಯನ್ನು ಕ್ರಿಬ್ಬಿನ ಕಡೆಗೆ ಪೂರ್ತಿ ಸರಿಸಿ, ಎದುರಿನ ಬದಿಯನ್ನು ಗೋಡೆಯಿಂದ ಒತ್ತುವಂತೆ ಕಟ್ಟಿಗೆಯ ಪಟ್ಟಿ ಕೂಡಿಸಿದೆವು; ಬೆಲ್ಟುಗಳನ್ನು ಮಂಚದ ಚೌಕಟ್ಟಿಗೆ ಸುತ್ತಿ ಬಿಗಿದೆವು.

ದಿನವೂ ಮಲಗುವ ಮುನ್ನ ಒಂದು ಪರೀಕ್ಷೆ ಮಾಡುತ್ತಿದ್ದೆ. ಗಾದಿಯ ಅಂಚಿನಲ್ಲಿ ಕುಳಿತು, ಅದು ನನ್ನ ಭಾರಕ್ಕೆ ತಗ್ಗಿದಾಗ, ಅಂಗೈಯನ್ನು ನೇರವಾಗಿ ನಿಲ್ಲಿಸಿ ಸಂದಿನಲ್ಲಿ ತೂರಿಸುವುದು. ತೂರಿದರೆ ಬೆಲ್ಟು ಸಡಿಲಾಗಿದೆ ಎಂದರ್ಥ. ಖಾಲಿ ಮಂಚದಲ್ಲಿ ಬಿಗಿಯಾಗಿ ಕಂಡದ್ದು ಕುಳಿತಾಗ ಬಾಯಿ ಬಿಡುವುದನ್ನು ನೋಡಿಯೇ ನಂಬಬೇಕು, ವಿಶೇಷವಾಗಿ ಗಾದಿ ಸ್ಪಂಜಿನದಾದರೆ. ತೆಂಗಿನ ನಾರಿನ ಗಾದಿ ಅಷ್ಟು ತಗ್ಗುವುದಿಲ್ಲ.

ಇಳಿಸಿದ ಬದಿಯಲ್ಲಿ ತಡೆ ಇರಬೇಕೇ ಬೇಡವೇ ಎಂಬುದು ಮಾದರಿಗಳ ನಡುವಿನ ನಿಜವಾದ ವ್ಯತ್ಯಾಸ. ಯುರೋಪಿನ ಇಎನ್ 1130 ಮಾನದಂಡದ 2019ರ ಪರಿಷ್ಕರಣೆಯಂತೆ, ಬದಿಯನ್ನು ಇಳಿಸಿದಾಗಲೂ ಮಗುವಿನ ಹಾಸಿಗೆಯಿಂದ 12 ಸೆಂಟಿಮೀಟರ್ ಎತ್ತರದ ತಡೆ ಉಳಿಯಬೇಕು. ನಾನು ಅಂಗಡಿಯಲ್ಲಿ ಮುಟ್ಟಿ ನೋಡಿದ ಎರಡು ಬಗೆಗಳಲ್ಲಿ ಅಗ್ಗದ್ದು ಪೂರ್ತಿ ಸಮವಾಗಿ ತೆರೆಯುತ್ತಿತ್ತು. ಅದನ್ನೇ ಅನುಕೂಲವೆಂದು ಮಾರಾಟಗಾರ ಹೊಗಳಿದ. ಮಗುವನ್ನು ಎಳೆದುಕೊಳ್ಳುವುದಕ್ಕೆ ಅದು ಸಲೀಸು ಎಂಬುದು ದಿಟ, ಹಾಗೆಯೇ ದೊಡ್ಡವರ ದುಪ್ಪಟಿ ಮತ್ತು ದಿಂಬು ಮಗುವಿನ ಕಡೆಗೆ ಜಾರುವುದಕ್ಕೂ ಅದು ಸಲೀಸು. ತಡೆಯಿರುವುದನ್ನು ಕೊಂಡೆ; ಪ್ರತಿ ಸಲ ಮಗುವನ್ನು ತುಸು ಎತ್ತಬೇಕಾಗುತ್ತದೆ, ಹೊಲಿಗೆ ಹಸಿಯಾಗಿದ್ದಾಗ ಅದು ನೋಯುತ್ತಿತ್ತು, ಆದರೂ ಅದೇ ಆಯ್ಕೆ ಸರಿ. ಕೆಲವು ಕ್ರಿಬ್ಬುಗಳಲ್ಲಿ ಕಾಲುಗಳನ್ನು ಹೆಚ್ಚುಕಡಿಮೆ ಮಾಡಿ ತಲೆಯ ಕಡೆಯನ್ನು ಎತ್ತರಿಸುವ ಸೌಲಭ್ಯವಿದ್ದು, ಹಾಲು ಕಕ್ಕುವ ಮಕ್ಕಳಿಗೆ ಒಳ್ಳೆಯದೆಂದು ಪ್ರಚಾರ ಮಾಡುತ್ತಾರೆ. ತಲೆ ಎತ್ತರಿಸುವುದರಿಂದ ಕಕ್ಕುವುದು ಕಡಿಮೆಯಾಗುವುದಿಲ್ಲ, ಮಗು ಕೆಳಕ್ಕೆ ಜಾರಿ ಮುದುಡಿಕೊಳ್ಳುತ್ತದೆ. ತೂಗುವ ಸೌಲಭ್ಯವಿದ್ದರೆ ಅದರ ಲಾಕನ್ನು ರಾತ್ರಿ ಹಾಕಿಯೇ ಇರಬೇಕು. ಹಾಸಿಗೆ ಗಟ್ಟಿ ಎಂದು ನೋಡಿದವರೆಲ್ಲ ಮರುಗಿದರು, ಅತ್ತೆಯವರು ಒಂದು ಕೌದಿಯನ್ನೂ ಮಡಚಿ ತಂದಿಟ್ಟರು. ಆ ಗಟ್ಟಿತನಕ್ಕಾಗಿಯೇ ಹಣ ಕೊಟ್ಟಿದ್ದೇವೆ ಎಂದು ಹೇಳಿ ಅದನ್ನು ನನ್ನ ಕಾಲಿಗೆ ಹೊದ್ದುಕೊಂಡೆ. ಸೊಳ್ಳೆಗೆ, ಕ್ರಿಬ್ಬಿಗೆ ಬೇರೆ ಪರದೆ ಹಾಕದೆ ಮಂಚವನ್ನೂ ಕ್ರಿಬ್ಬನ್ನೂ ಒಟ್ಟಾಗಿ ಒಳಗೊಳ್ಳುವ ದೊಡ್ಡ ಪರದೆಯನ್ನು ಗೋಡೆಯ ಮೊಳೆಗಳಿಗೆ ಕಟ್ಟಿದ್ದು ಹೆಚ್ಚು ಅನುಕೂಲವಾಯಿತು, ಬಲೆ ಮಗುವಿನ ಮೇಲೆ ಜೋಲುವ ಪ್ರಶ್ನೆಯೇ ಬರಲಿಲ್ಲ.

ಪ್ಲೇಪೆನ್ ಇವೆಲ್ಲಕ್ಕಿಂತ ಹೆಚ್ಚು ಕಾಲ ಬಾಳುವ ವಸ್ತು. ಬದಿಗಳು ಎತ್ತರ, ಬಲೆ ಗಟ್ಟಿ, ಮಂಚದ ಹಂಗಿಲ್ಲ. ಬಾಕ್ಸ್ ಮಂಚವನ್ನು ಬದಲಿಸಲಾಗದವರಿಗೆ ನಾನು ಮೊದಲ ದಿನದಿಂದಲೇ ಇದನ್ನೇ ಹೇಳುತ್ತೇನೆ, ಮೇಲಿನ ಅಂತಸ್ತಿನ ಹಾಸಿಗೆ ಜೋಡಿಸುವ ಮಾದರಿಯನ್ನು ಕೊಂಡರೆ ಬಾಣಂತಿ ಪೂರ್ತಿ ಬಗ್ಗಬೇಕಾಗಿಲ್ಲ. ಅದರೊಂದಿಗೆ ಬಂದ ತೆಳುವಾದ ಮಡಿಕೆ ಹಾಸಿಗೆಯ ಮೇಲೆ ಇನ್ನೊಂದನ್ನು ಹಾಕಬಾರದು, ಬದಿಯ ಬಲೆಗೂ ಆ ಎರಡನೆಯ ಹಾಸಿಗೆಗೂ ನಡುವೆ ಸಂದು ಹುಟ್ಟುತ್ತದೆ.

ಬೆಡ್‌ಸೈಡ್ ಕ್ರಿಬ್ಬಿನ ಆಯುಷ್ಯ ಚಿಕ್ಕದು. ಸಾಮಾನ್ಯವಾಗಿ ಒಂಬತ್ತು ಕಿಲೋ ತೂಕದವರೆಗೆ ಎಂದು ಬರೆದಿರುತ್ತಾರೆ, ಆದರೆ ತೂಕಕ್ಕಿಂತ ಮೊದಲೇ ಮಗು ಅಂಗೈ ಮೊಣಕಾಲೂರಿ ಏಳತೊಡಗುತ್ತದೆ, ಅದು ಐದಾರು ತಿಂಗಳ ಹೊತ್ತಿಗೆ. ಆ ದಿನದಿಂದ ಅದನ್ನು ಬಿಡಬೇಕು. ಅಷ್ಟು ಕಡಿಮೆ ಕಾಲಕ್ಕೆ ಹತ್ತು ಸಾವಿರದ ಆಸುಪಾಸು ಖರ್ಚು ಮಾಡಲು ಮನಸ್ಸಿಲ್ಲದವರು ಬಳಸಿದ್ದನ್ನು ಕೊಳ್ಳಬಹುದು, ನೆಂಟರಿಂದ ಎರವಲು ತರಬಹುದು. ಆಗ ಬೆಲ್ಟುಗಳೆರಡೂ ಇವೆಯೇ, ಜಿಪ್ ಕೊನೆಯವರೆಗೂ ಏರುತ್ತದೆಯೇ, ಎತ್ತರ ಹೊಂದಿಸುವ ಗುಂಡಿಗಳು ಎರಡು ಕಡೆಯೂ ಒಂದೇ ಮಟ್ಟದಲ್ಲಿ ಕಚ್ಚಿಕೊಳ್ಳುತ್ತವೆಯೇ, ಬಲೆ ಎಲ್ಲಿಯಾದರೂ ಹರಿದಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ, ಜೊತೆಗೆ ಬಂದ ಮೂಲ ಹಾಸಿಗೆಯೇ ಕೊಡುತ್ತಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ಬೇರೆ ಅಳತೆಯ ಹಾಸಿಗೆಯನ್ನು ಹೊಲಿಸಿ ಹಾಕಿದ್ದರೆ, ಅದರ ಅಂಚಿಗೂ ಬದಿಗೂ ನಡುವೆ ಎರಡು ಬೆರಳು ತೂರುವಂತಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅದು ಬೇಡ.