ಗ್ರಾಂಪ್ಸ್: ಮನೆಯ ಜನರ ಪಟ್ಟಿಯಿಂದ ಓದಿಸಿಕೊಳ್ಳುವ ವಂಶಚರಿತ್ರೆಯವರೆಗೆ

ಮಲೆನಾಡಿನಲ್ಲಿ ವಂಶವೃಕ್ಷ ಎಂದೊಡನೆ ಹೆಚ್ಚಿನವರ ಮನಸ್ಸು ನಾಡಕಚೇರಿಯತ್ತ ಹೋಗುತ್ತದೆ. ಪೌತಿ ಖಾತೆಗೋ ಜಮೀನಿನ ಹಿಸ್ಸೆಗೋ ಬೇಕಾಗುವ ಆ ಹಾಳೆಯಲ್ಲಿ ಹೆಸರುಗಳಿರುತ್ತವೆ, ಅವುಗಳನ್ನು ಕೂಡಿಸುವ ಗೆರೆಗಳಿರುತ್ತವೆ. ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಯಾವ ವರ್ಷ ಯಾವ ಮನೆಯಲ್ಲಿ ಯಾರ್ಯಾರು ಒಟ್ಟಿಗಿದ್ದರು, ಯಜಮಾನಿಕೆ ಯಾರ ಕೈಯಲ್ಲಿತ್ತು, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ ಸೋದರತ್ತೆಯ ಹೆಸರು ಯಾರ ಮನೆಯ ಪಟ್ಟಿಯಲ್ಲಿ ಸೇರಿತು ಎಂಬಂಥ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಇಂಥ ವಿವರಗಳನ್ನು ದಾಖಲಿಸಿ, ಮನೆಯವರು ಕುಳಿತು ಓದಬಹುದಾದ ವರದಿಯಾಗಿ ಹೊರತೆಗೆಯಲು ಗ್ರಾಂಪ್ಸ್ ಎಂಬ ತಂತ್ರಾಂಶ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು, ಸಾಗರ ತಾಲ್ಲೂಕಿನ ಒಂದು ಕೂಡುಕುಟುಂಬದ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದ್ದೇನೆ.

ಗ್ರಾಂಪ್ಸ್ 2001ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ. ಮಾಹಿತಿಯೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಉಳಿಯುವುದರಿಂದ ಆಷಾಢದ ಮಳೆಗೆ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕರೆಂಟಿನ ಮಾತು ಬೇರೆ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಪಾಶ್ಚಾತ್ಯ ದೇಶಗಳಲ್ಲಿ ವಂಶಚರಿತ್ರೆ ಬರೆಯುವವರಿಗೆ ಜನಗಣತಿಯ ಮೂಲ ಹಾಳೆಗಳೇ ದೊಡ್ಡ ಆಧಾರ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಅವನ್ನು ತೆರೆಯುತ್ತಾರೆ. 1950ರ ಗಣತಿಯ ಹಾಳೆಗಳು 2022ರ ಏಪ್ರಿಲ್‌ನಲ್ಲಿ ಹೊರಬಂದವು. ಇಂಗ್ಲೆಂಡಿನ 1921ರ ಗಣತಿ ನೂರು ವರ್ಷ ತುಂಬಿದ ಬಳಿಕ ಅದೇ 2022ರ ಜನವರಿಯಲ್ಲಿ ಸಾರ್ವಜನಿಕರಿಗೆ ದೊರೆಯಿತು. ನಮ್ಮಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದ್ದರೂ ಮನೆಮನೆಯ ಹಾಳೆ ಯಾರ ಕೈಗೂ ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೆಯ ಕಲಮು ಆ ದಾಖಲೆಗಳ ಪರಿಶೀಲನೆಯನ್ನೇ ನಿಷೇಧಿಸಿದೆ. ಸಾರ್ವಜನಿಕರಿಗೆ ಸಿಗುವುದು ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿರುವ ಗ್ರಾಮವಾರು ಒಟ್ಟು ಅಂಕಿಗಳಷ್ಟೇ.

ಆದ್ದರಿಂದ ನಮ್ಮ ಮಟ್ಟಿಗೆ ಗಣತಿಯ ಜಾಗದಲ್ಲಿ ಬೇರೆ ಕಾಗದಗಳು ನಿಲ್ಲುತ್ತವೆ: ಹಳೆಯ ರೇಷನ್ ಕಾರ್ಡು, ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕದ ನಕಲು, 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿ, ಶರಾವತಿ ಮುಳುಗಡೆಯ ಕುಟುಂಬಗಳಲ್ಲಿ ಪರಿಹಾರಕ್ಕೆ ಸಂಬಂಧಿಸಿದ ಪತ್ರಗಳು. ಇವುಗಳಲ್ಲಿ ಹಲವು ಹೇಳುವುದು ಒಂದೇ ಬಗೆಯ ಸಂಗತಿಯನ್ನು, ಅಂದರೆ ಇಂಥ ಹೊತ್ತಿನಲ್ಲಿ ಇಂಥ ಮನೆಯಲ್ಲಿ ಇಂಥವರು ಇದ್ದರು ಎಂಬುದನ್ನು. ಗಣತಿಯ ಹಾಳೆಗಾಗಿ ರೂಪಿಸಿದ ಸೌಕರ್ಯಗಳನ್ನು ಇವುಗಳಿಗೂ ಬಳಸಿಕೊಳ್ಳಬಹುದು.

ಗ್ರಾಂಪ್ಸ್‌ನ ನಿಜವಾದ ಬಲ ಇರುವುದು ಅದರ ಒಳರಚನೆಯಲ್ಲಿ. ವ್ಯಕ್ತಿ, ಕುಟುಂಬ, ಘಟನೆ, ಸ್ಥಳ, ಆಕರ, ಆಕರದ ಉಲ್ಲೇಖ ಇವೆಲ್ಲ ಇಲ್ಲಿ ಪ್ರತ್ಯೇಕ ದಾಖಲೆಗಳು. ಹನ್ನೊಂದು ಜನರ ಹೆಸರಿರುವ ಒಂದು ರೇಷನ್ ಕಾರ್ಡನ್ನು ಹನ್ನೊಂದು ಸಲ ನಮೂದಿಸಬೇಕಾಗಿಲ್ಲ. ಒಂದು ಘಟನೆಯನ್ನು ಸೃಷ್ಟಿಸಿ, ಹನ್ನೊಂದು ಜನರನ್ನೂ ಅದಕ್ಕೆ ಜೋಡಿಸಿದರೆ ಸಾಕು. ಎಲ್ಲರಿಗೂ ಸಮಾನವಾದ ದಿನಾಂಕ, ಊರು, ಆಕರ ಆ ಘಟನೆಯ ಮೇಲಿರುತ್ತವೆ. ಒಬ್ಬೊಬ್ಬರಿಗೆ ಸೇರಿದ ವಯಸ್ಸು, ಯಜಮಾನನೊಂದಿಗಿನ ಸಂಬಂಧ, ಕಸುಬು ಮುಂತಾದವು ಆ ವ್ಯಕ್ತಿಗೂ ಘಟನೆಗೂ ನಡುವಿನ ಕೊಂಡಿಯ ಮೇಲೆ ಕೂರುತ್ತವೆ. ದಿನಾಂಕವನ್ನು ನಾಳೆ ತಿದ್ದಬೇಕಾಗಿ ಬಂದರೆ ಒಂದೇ ಕಡೆ ತಿದ್ದಿದರೆ ಆಯಿತು.

ಇದನ್ನು ಇನ್ನಷ್ಟು ಸುಲಭವಾಗಿಸಲು ಫಾರ್ಮ್ಸ್ ಎಂಬ ಒಂದು ಸೇರ್ಪಡೆ ಇದೆ. ಬ್ರಿಟನ್, ಅಮೆರಿಕ ಮುಂತಾದ ದೇಶಗಳ ಗಣತಿ ಹಾಳೆಗಳ ಅಂಕಣಗಳು ಅದರಲ್ಲಿ ಸಿದ್ಧವಾಗಿವೆ. ನಮ್ಮ ಕಾಗದಗಳಿಗೆ ತಕ್ಕ ನಮೂನೆಯನ್ನು ನಾವೇ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದುಕೊಳ್ಳಬೇಕು. ಕಂಪ್ಯೂಟರ್ ಕೋಡಿನ ಪರಿಚಯ ಇಲ್ಲದವರಿಗೆ ಇದು ಬೆವರಿಳಿಸುವ ಕೆಲಸ. ಆದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಂದ ಮಾಡಿಸಿಕೊಳ್ಳಬಹುದು, ಮತ್ತು ಒಮ್ಮೆ ಮಾಡಿದರೆ ಅದೇ ಬಗೆಯ ಎಲ್ಲ ಕಾಗದಗಳಿಗೂ ಆಗುತ್ತದೆ.

ನಮೂದಿಸುವುದು ಸುಲಭವಾಯಿತು ಎಂದ ಮಾತ್ರಕ್ಕೆ ವರದಿ ಓದಿಸಿಕೊಳ್ಳುವುದಿಲ್ಲ. ಗ್ರಾಂಪ್ಸ್‌ನ ಸವಿವರ ಪೂರ್ವಜರ ವರದಿ ಮತ್ತು ಸವಿವರ ವಂಶಜರ ವರದಿಗಳಲ್ಲಿ ಪ್ರತಿ ವ್ಯಕ್ತಿಯ ಘಟನೆಗಳು ಸಾಲಾಗಿ ಅಚ್ಚಾಗುತ್ತವೆ: ಮೊದಲು ದಿನಾಂಕ ಮತ್ತು ಸ್ಥಳ, ಆಮೇಲೆ ಘಟನೆಯ ವಿವರಣೆ, ಅದರ ಹಿಂದೆ ಅರ್ಧವಿರಾಮಗಳಿಂದ ಪೋಣಿಸಿದ ಅಂಕಣಗಳು. ವಯಸ್ಸು: 42; ಸಂಬಂಧ: ಯಜಮಾನನ ತಮ್ಮ; ಕಸುಬು: ಗೇಣಿ ಬೇಸಾಯ; ಓದು: ಇಲ್ಲ. ಒಬ್ಬರ ಒಂದು ಪಟ್ಟಿಗೆ ಇದನ್ನು ಸಹಿಸಿಕೊಳ್ಳಬಹುದು. ನಾಲ್ಕು ತಲೆಮಾರಿನ ಪ್ರತಿಯೊಬ್ಬರ ಕೆಳಗೂ ಇಂಥ ನಾಲ್ಕೈದು ಸಾಲುಗಳು ಬಂದರೆ ವಂಶಚರಿತ್ರೆ ಪಹಣಿಯ ಹಾಗೆ ಕಾಣತೊಡಗುತ್ತದೆ, ಮನೆಯವರು ಎರಡನೆಯ ಪುಟ ತಿರುವುವುದಿಲ್ಲ.

ಇದಕ್ಕೆ ಪರಿಹಾರ ತಂತ್ರಾಂಶದ ಒಳಗೇ ಇದೆ, ಆದರೆ ಹುಡುಕಿಕೊಳ್ಳಬೇಕು. ವರದಿ ತೆಗೆಯುವಾಗ ಅಂಕಣಗಳನ್ನು ಸೇರಿಸುವ ಆಯ್ಕೆಯನ್ನು ತೆಗೆದುಹಾಕಿ, ಟಿಪ್ಪಣಿಗಳನ್ನು ಸೇರಿಸುವ ಆಯ್ಕೆಯನ್ನು ಉಳಿಸಿಕೊಳ್ಳಬೇಕು. ಘಟನೆಯ ವಿವರಣೆಯಲ್ಲಿ ಇಡೀ ಮನೆಯನ್ನು ಕುರಿತ ಒಂದು ಪೂರ್ಣ ವಾಕ್ಯವನ್ನು ಬರೆಯಬೇಕು, ಉದಾಹರಣೆಗೆ, “ಈ ಪಟ್ಟಿಯ ಹೊತ್ತಿಗೆ ಕೆಳಗಿನಮನೆಯಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರಗಳು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದವು.” ಹನ್ನೊಂದು ಜನರಲ್ಲಿ ಯಾರ ಹೆಸರಿನ ಕೆಳಗೆ ಬಂದರೂ ಆ ವಾಕ್ಯ ಹೊಂದಿಕೊಳ್ಳುವಂತಿರಬೇಕು, ಏಕೆಂದರೆ ಘಟನೆ ಎಲ್ಲರದು. ಒಬ್ಬ ವ್ಯಕ್ತಿಗೆ ಮಾತ್ರ ಸೇರಿದ ಮಾತು, ಉದಾಹರಣೆಗೆ ಹಿರಿಮಗಳು ಆಗಲೇ ಶಾಲೆ ಬಿಟ್ಟಿದ್ದಳು ಎಂಬುದು, ಅವಳನ್ನು ಘಟನೆಗೆ ಜೋಡಿಸುವ ಕೊಂಡಿಯ ಟಿಪ್ಪಣಿಯಲ್ಲಿ ಇರಬೇಕು. ವರದಿಯಲ್ಲಿ ಅದು ಅವಳ ಹೆಸರಿನ ಕೆಳಗಷ್ಟೇ ಬರುತ್ತದೆ. ಅಂಕಣಗಳು ಒಳಗೆ ಹುಡುಕಾಟಕ್ಕೂ ಹೋಲಿಕೆಗೂ ಉಳಿಯುತ್ತವೆ, ಓದುಗರ ಕಣ್ಣಿಗೆ ವಾಕ್ಯಗಳು ಮಾತ್ರ ಬೀಳುತ್ತವೆ. ಇನ್ನೊಂದು ಎಚ್ಚರ: ಮನೆಯ ಎಲ್ಲರಿಗೂ ಆ ಘಟನೆಯಲ್ಲಿ ಪ್ರಧಾನ ಪಾತ್ರವನ್ನೇ ಕೊಡಬೇಕು. ಯಜಮಾನನಿಗೆ ಪ್ರಧಾನ ಪಾತ್ರ, ಉಳಿದವರಿಗೆ ಸಾಕ್ಷಿಯ ಪಾತ್ರ ಎಂದು ಹಂಚಿದರೆ ಉಳಿದವರ ಮುಖ್ಯ ವಿವರಗಳಲ್ಲಿ ಆ ಪಟ್ಟಿ ಬಾರದೆ ಹೋಗುತ್ತದೆ. ಹೀಗೆ ಮರೆಯಾಗುವವರು ಬಹುಪಾಲು ಹೆಂಗಸರೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಯಸ್ಸಿನ ವಿಷಯದಲ್ಲಿ ತಂತ್ರಾಂಶ ಮೆಚ್ಚುವಂಥ ಸಂಯಮ ತೋರಿಸುತ್ತದೆ. ಪಟ್ಟಿಗಳಲ್ಲಿ ನಲವತ್ತು, ನಲವತ್ತೈದು, ಐವತ್ತು ಎಂಬ ದುಂಡು ವಯಸ್ಸುಗಳೇ ಹೆಚ್ಚು. ಇದು ಭಾರತದ ಗಣತಿಗಳಲ್ಲೂ ಬಹುಕಾಲದಿಂದ ಗುರುತಿಸಿರುವ ಸಂಗತಿ. ಅಂಥ ವಯಸ್ಸಿನಿಂದ ಲೆಕ್ಕ ಹಾಕಿದ ಹುಟ್ಟಿದ ವರ್ಷವನ್ನು ‘ಸುಮಾರು’ ಎಂದೋ ‘ಲೆಕ್ಕದಿಂದ ಬಂದದ್ದು’ ಎಂದೋ ಗುರುತಿಸಿಡಬಹುದು, ಆಕರದ ವಿಶ್ವಾಸಾರ್ಹತೆಗೆ ಐದು ಹಂತಗಳಲ್ಲಿ ಒಂದನ್ನು ಕೊಡಬಹುದು. ಆದರೆ ಇಸ್ಲಾಮಿ, ಹೀಬ್ರೂ, ಪರ್ಷಿಯನ್ ಪಂಚಾಂಗಗಳನ್ನು ಬಲ್ಲ ಗ್ರಾಂಪ್ಸ್‌ಗೆ ನಮ್ಮ ಸಂವತ್ಸರಗಳ ಲೆಕ್ಕ ಗೊತ್ತಿಲ್ಲ. ಹಳೆಯ ಪುಸ್ತಕದ ಅಂಚಿನಲ್ಲಿ ಪರಾಭವ ಸಂವತ್ಸರದಲ್ಲಿ ಹುಟ್ಟಿದ್ದು ಎಂದಿದ್ದರೆ ಅದು 1906–07 ಆಗಬಹುದು, 1966–67 ಆಗಬಹುದು. ತಲೆಮಾರು ನೋಡಿ ನಾವೇ ತೀರ್ಮಾನಿಸಿ, ಸಂವತ್ಸರದ ಹೆಸರನ್ನು ದಿನಾಂಕದ ಪಕ್ಕದ ಪಠ್ಯದಲ್ಲಿ ಉಳಿಸಿಕೊಳ್ಳಬೇಕು.

ಸ್ಥಳಗಳ ನಿರ್ವಹಣೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಭಾಗ. ಮನೆ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಒಂದರೊಳಗೊಂದು ಇಡಬಹುದು, ಹಾಗೂ ಯಾವುದು ಯಾವುದರೊಳಗೆ ಯಾವಾಗಿನಿಂದ ಯಾವಾಗಿನವರೆಗೆ ಇತ್ತು ಎಂಬುದನ್ನೂ ದಾಖಲಿಸಬಹುದು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾಯಿತು. ಈ ದಿನಾಂಕಗಳನ್ನು ಒಮ್ಮೆ ತುಂಬಿಟ್ಟರೆ, 1960ರ ಘಟನೆಯೊಂದರ ಕೆಳಗೆ ಹೊನ್ನಾಳಿ, ಶಿವಮೊಗ್ಗ ಜಿಲ್ಲೆ, ಮೈಸೂರು ರಾಜ್ಯ ಎಂದೂ 2000ದ ಘಟನೆಯ ಕೆಳಗೆ ಹೊನ್ನಾಳಿ, ದಾವಣಗೆರೆ ಜಿಲ್ಲೆ, ಕರ್ನಾಟಕ ಎಂದೂ ವರದಿಯಲ್ಲಿ ತಾನಾಗಿಯೇ ಬರುತ್ತದೆ. ಮುಳುಗಡೆಯ ಕುಟುಂಬಗಳಿಗೆ ಇದರ ಬೆಲೆ ಇನ್ನೂ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ನೀರಿನಡಿ ಸೇರಿದಾಗ, ಒಂದೇ ಕೇರಿಯ ಮನೆಗಳು ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಚದುರಿದವು. ಆ ಊರನ್ನು ಅದರ ಹೋಬಳಿಯೊಳಗೆ ಹಾಗೆಯೇ ಉಳಿಸಿ, ಹಿಂದಿನ ಪಟ್ಟಿಯನ್ನು ಅಲ್ಲಿಗೂ ಮುಂದಿನ ಪಟ್ಟಿಯನ್ನು ಹೊಸ ಊರಿಗೂ ಜೋಡಿಸಿದರೆ, ಮನೆ ಒಡೆದದ್ದು ಯಾವಾಗ, ಯಾರು ಯಾರ ಜೊತೆ ಹೋದರು ಎಂಬುದು ವರದಿಯ ಅಕ್ಕಪಕ್ಕದ ಎರಡು ಸಾಲುಗಳಲ್ಲಿ ತಿಳಿಯುತ್ತದೆ. ತಂತ್ರಾಂಶದ ನಕ್ಷೆಯಲ್ಲಿ ಹಳೆಯ ಊರಿನ ಚುಕ್ಕೆ ಹಿನ್ನೀರಿನ ಮೇಲೆ ಬೀಳುವುದನ್ನು ಕಂಡು ಯಾರೂ ಅದನ್ನು ತಿದ್ದಲು ಹೋಗಬಾರದು.

ಹೆಸರುಗಳ ಮಟ್ಟಿಗೆ ತೃಪ್ತಿಕರ. ಊರಿನ ಹೆಸರು, ತಂದೆಯ ಹೆಸರು, ಕುಲನಾಮ ಇವನ್ನು ಬೇರೆ ಬೇರೆ ಮೂಲದವೆಂದು ಗುರುತಿಸಿ, ತೋರಿಸುವ ಕ್ರಮವನ್ನು ನಾವೇ ನಿರ್ಧರಿಸಬಹುದು. ಸೋದರಿಕೆಯಲ್ಲಿ ಹೆಣ್ಣು ತಂದುಕೊಂಡ ಮನೆಗಳಲ್ಲಿ ಒಬ್ಬರೇ ಹಿರಿಯರು ಎರಡು ಕಡೆಯಿಂದ ಪೂರ್ವಜರಾಗುತ್ತಾರಷ್ಟೇ. ಪೂರ್ವಜರ ವರದಿ ಅವರನ್ನು ಎರಡನೆಯ ಸಲ ವಿವರಿಸದೆ, ಮೊದಲು ಬಂದ ಸಂಖ್ಯೆಯನ್ನು ಸೂಚಿಸಿ ಮುಂದೆ ಸಾಗುತ್ತದೆ.

ಕನ್ನಡಿಗರಿಗೆ ದೊಡ್ಡ ಅಡ್ಡಿ ವರದಿಯ ಭಾಷೆ. ಕನ್ನಡದಲ್ಲಿ ಬರೆದದ್ದೆಲ್ಲ ಸರಿಯಾಗಿ ಉಳಿಯುತ್ತದೆ, ಪಿಡಿಎಫ್‌ನಲ್ಲೂ ಒತ್ತಕ್ಷರಗಳು ಒಡೆಯುವುದಿಲ್ಲ. ಆದರೆ ಹುಟ್ಟು, ಮದುವೆ, ಸಾವುಗಳ ಬಗ್ಗೆ ತಂತ್ರಾಂಶವೇ ಕಟ್ಟುವ ವಾಕ್ಯಗಳು ನಾನು ತೆಗೆದ ವರದಿಗಳಲ್ಲಿ ಇಂಗ್ಲಿಷಿನಲ್ಲಿದ್ದು, ನಡುನಡುವೆ ಕನ್ನಡದ ಹೆಸರುಗಳು ಬಂದು ಕೂತು ವಿಚಿತ್ರವಾಗಿ ಕಾಣುತ್ತವೆ. ಪೂರ್ಣ ವಾಕ್ಯಗಳ ಆಯ್ಕೆಯನ್ನು ತೆಗೆದು, ವರದಿಯನ್ನು ಒಡಿಟಿ ಎಂಬ ತಿದ್ದಬಹುದಾದ ಕಡತದ ರೂಪದಲ್ಲಿ ಉಳಿಸಿ, ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ತಿದ್ದುವುದೊಂದೇ ನಾನು ಕಂಡುಕೊಂಡ ದಾರಿ. ಘಟನೆಯ ಬಗೆಯನ್ನು ‘ಮನೆಪಟ್ಟಿ’ ಎಂದು ನಾವೇ ಹೆಸರಿಸಿಕೊಂಡರೆ ವರದಿಯಲ್ಲಿ ಆ ಕನ್ನಡದ ಹೆಸರೇ ಬರುತ್ತದೆ. ಅದರ ಬೆಲೆ ಇಷ್ಟು: ಬೇರೆ ತಂತ್ರಾಂಶಕ್ಕೆ ಕಳಿಸಲು ಜೆಡ್‌ಕಾಮ್ ಎಂಬ, ವಂಶವೃಕ್ಷದ ತಂತ್ರಾಂಶಗಳು ಪರಸ್ಪರ ಓದಬಲ್ಲ ರೂಪದ ಕಡತ ಮಾಡಿದಾಗ ಅದನ್ನು ಗಣತಿ ಎಂದು ಗುರುತಿಸುವ ಸಂಕೇತ ಇರುವುದಿಲ್ಲ. ಜೆಡ್‌ಕಾಮ್‌ನ 5.5.1 ಆವೃತ್ತಿಯಲ್ಲಿ ಹಲವರು ಹಂಚಿಕೊಂಡ ಘಟನೆ ಹೇಗೂ ಒಬ್ಬೊಬ್ಬರ ಬಿಡಿ ಘಟನೆಯಾಗಿ ಒಡೆಯುವುದರಿಂದ, ಆ ನಷ್ಟಕ್ಕೆ ಹೆದರಿ ಕನ್ನಡದ ಹೆಸರನ್ನು ಬಿಡುವುದು ನನಗೆ ಸರಿಕಾಣಲಿಲ್ಲ. ಮನೆಯ ಪ್ರತಿಯನ್ನು ಮಾತ್ರ ಗ್ರಾಂಪ್ಸ್‌ನ ಸ್ವಂತ ರೂಪದಲ್ಲಿ, ಚಿತ್ರಗಳನ್ನೂ ಸೇರಿಸಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬೇಕು.

ಬದುಕಿರುವವರ ವಿವರಗಳನ್ನು ವರದಿಯಿಂದ ಹೊರಗಿಡುವ ಆಯ್ಕೆಯೂ ಪ್ರತಿ ದಾಖಲೆಗೆ ಬೀಗ ಹಾಕುವ ಗುರುತೂ ಇವೆ. ನೆಂಟರಿಗೆಲ್ಲ ಹಂಚುವ ಪ್ರತಿಯಲ್ಲಿ ಎರಡನ್ನೂ ಬಳಸುವುದು ಕ್ಷೇಮ. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ಇಟ್ಟುಕೊಂಡಿರುವ ಜನಗಣತಿಯಲ್ಲಿ ನಮ್ಮ ಮನೆಯ ಬಗ್ಗೆ ನಾವು ಕೊಡುವ ಉತ್ತರಗಳು ಕಾಯ್ದೆಯ ಪ್ರಕಾರ ಮುಂದೆ ನಮಗೇ ನೋಡಲು ಸಿಗುವುದಿಲ್ಲ. ಗಣತಿದಾರರು ಬಂದುಹೋದ ದಿನವೇ ಅವೇ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಅದನ್ನೇ ಆಕರವೆಂದು ನಮೂದಿಸಿ, ಮನೆಯ ಎಲ್ಲರನ್ನೂ ಒಂದು ಘಟನೆಗೆ ಜೋಡಿಸಿ ಬೀಗ ಹಾಕಿಡಲು ಈ ತಂತ್ರಾಂಶದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.