ಸತ್ತ ಲ್ಯಾಪ್‌ಟಾಪ್ ಬ್ಯಾಟರಿಗೆ ಮೂರು ದಾರಿ: ನಾನು ಮೂರನ್ನೂ ನೋಡಿದೆ

ಕೊನೆಗೆ 5,400 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಕಂಪನಿಯ ಬ್ಯಾಟರಿಯನ್ನೇ ಹಾಕಿಸಿದೆ. ಮೊದಲೇ ಹಾಕಿಸಿದ್ದರೆ 1,400 ರೂಪಾಯಿಯೂ ಒಂದು ಲಗ್ನಪತ್ರಿಕೆಯೂ ಉಳಿಯುತ್ತಿದ್ದವು.

ನಾನು ವಿಜಯಪುರದಲ್ಲಿ ಮನೆಯಲ್ಲೇ ಡಿಟಿಪಿ ಮಾಡುವವನು. ತಗಡಿನ ಮಾಡು, 40 ಡಿಗ್ರಿ ದಾಟುವ ಬೇಸಿಗೆ, ಹಗಲಿರುಳು ಚಾರ್ಜರ್‌ಗೆ ಅಂಟಿಕೊಂಡ ಲ್ಯಾಪ್‌ಟಾಪ್. ಲಿಥಿಯಂ ಬ್ಯಾಟರಿಗೆ ಸದಾ ತುಂಬಿರುವುದೂ ಆಗದು, ಸೆಕೆಯೂ ಆಗದು. ನಾನು ಎರಡನ್ನೂ ಧಾರಾಳವಾಗಿ ಉಣಿಸಿದ್ದೆ. ವಿಂಡೋಸ್‌ನ ಬ್ಯಾಟರಿ ವರದಿ ತೆಗೆದರೆ 41 ವ್ಯಾಟ್-ಅವರ್ ಸಾಮರ್ಥ್ಯ ಇರಬೇಕಾದಲ್ಲಿ 15 ಉಳಿದಿತ್ತು.

ಮೊದಲು ಹೋದದ್ದು ಅಗ್ಗದ ದಾರಿಗೆ. ಗಾಂಧಿ ಚೌಕದ ಕಡೆಯ ಒಂದು ಅಂಗಡಿಯಲ್ಲಿ ಹಳೆಯ ಪ್ಯಾಕ್ ಬಿಚ್ಚಿ, ಒಳಗಿನ ಮೂರು ಸೆಲ್‌ಗಳನ್ನಷ್ಟೇ 1,400 ರೂಪಾಯಿಗೆ ಬದಲಿಸಿ ಕೊಟ್ಟರು. ಮನೆಗೆ ತಂದ ದಿನ ಎರಡೂವರೆ ಗಂಟೆ ನಡೆಯಿತು. ಹಿಗ್ಗಿದೆ.

ನಾಲ್ಕನೆಯ ದಿನ ಕರೆಂಟ್ ಹೋಯಿತು. ಲಗ್ನಪತ್ರಿಕೆಯ ಕೆಳಭಾಗದಲ್ಲಿ ‘ಸುಖಾಗಮನ ಬಯಸುವವರು’ ಎಂದು ನಲವತ್ತು ಹೆಸರುಗಳನ್ನು ಟೈಪಿಸುತ್ತಿದ್ದೆ. ಪರದೆಯ ಮೂಲೆಯಲ್ಲಿ 31 ಪ್ರತಿಶತ ಎಂದಿತ್ತು. ಅದನ್ನು ನೋಡಿ ನಿಶ್ಚಿಂತೆಯಿಂದ ಮುಂದಿನ ಹೆಸರಿಗೆ ಕೈಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಎಚ್ಚರಿಕೆಯೂ ಇಲ್ಲ, ನಿದ್ರೆಗೆ ಜಾರುವುದೂ ಇಲ್ಲ. ಮತ್ತೆ ಕುಳಿತು ಟೈಪಿಸಿದಾಗ ವಧುವಿನ ಸೋದರಮಾವನ ಹೆಸರೇ ಬಿಟ್ಟುಹೋಯಿತು; ಅಚ್ಚಾದ ಮೇಲೆ ಅವರೇ ಅದನ್ನು ಪತ್ತೆಹಚ್ಚಿದರು. ಮರುಮುದ್ರಣದ ಖರ್ಚು ನನ್ನ ತಲೆಗೆ ಬಂತು.

ಅಂಗಡಿಯವರು ಹೇಳಿದಂತೆ ಎರಡು ಬಾರಿ ಪೂರ್ತಿ ತುಂಬಿಸಿ ಪೂರ್ತಿ ಬರಿದು ಮಾಡಿದೆ. ಈಗ 31ರ ಬದಲು 22ಕ್ಕೆ ಆರತೊಡಗಿತು. ಸೆಲ್ ಹೊಸದಾದರೂ ಅವುಗಳ ಲೆಕ್ಕ ಇಡುವ ಪುಟ್ಟ ಬೋರ್ಡ್ ಹಳೆಯದು. ಅದು ಹಳೆಯ ಸೆಲ್‌ಗಳ ಲೆಕ್ಕವನ್ನೇ ಹಿಡಿದು ಕುಳಿತಿರುತ್ತದೆ. ಮೂರರಲ್ಲಿ ಒಂದು ಸೆಲ್ ಮೊದಲು ಸೋತರೂ ಬೋರ್ಡ್ ಇಡೀ ಪ್ಯಾಕನ್ನೇ ಕಡಿದುಬಿಡುತ್ತದೆ. ಗಳಿಗೆಗೊಮ್ಮೆ ಸೇವ್ ಒತ್ತುವ ಅಭ್ಯಾಸದವರು ಇದನ್ನು ಸಹಿಸಿಕೊಂಡಾರು. ನನಗೆ ಆ ಅಭ್ಯಾಸ ಇಪ್ಪತ್ತು ವರ್ಷಗಳಲ್ಲಿ ಬಂದಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ಬೇರೆ ಕಂಪನಿಯ ಹೊಂದಾಣಿಕೆಯ ಬ್ಯಾಟರಿಗೆ 1,900. ಬರಲು ಒಂಬತ್ತು ದಿನ. ಕೆಲಸ ಮಾಡಿತು, ಸುಳ್ಳಾಡಬಾರದು. ಆದರೆ ಪ್ರತಿ ಸಲ ಆನ್ ಮಾಡಿದಾಗಲೂ ಬ್ಯಾಟರಿಯ ಗುರುತು ಸಿಗುತ್ತಿಲ್ಲ ಎಂಬ ತಕರಾರು, ಒಂದು ಕೀಲಿ ಒತ್ತಿದರೆ ಮಾತ್ರ ಮುಂದಕ್ಕೆ. ಮರಳಿಸಿದೆ.

ಬ್ಯಾಟರಿ ಕಳಚಿಟ್ಟು ಬರಿಯ ಅಡಾಪ್ಟರ್ ಮೇಲೆ ನಡೆಸುವುದು? ಕರೆಂಟ್ ಹೋದ ಕ್ಷಣದಲ್ಲೇ ಯಂತ್ರ ಸಾಯುತ್ತದೆ.

ಕಂಪನಿ ಬ್ಯಾಟರಿಗಾಗಿ ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋಗಿಬರಲು ಬಸ್ಸಿನಲ್ಲಿ ಇಡೀ ಒಂದು ದಿನ ಹೋಯಿತು. ಅದೊಂದೇ ದೂರು. ಮೂರೂವರೆ ಗಂಟೆ ನಡೆಯುತ್ತದೆ, 10 ಎಂದರೆ ನಿಜವಾಗಿಯೂ 10. ಚಾರ್ಜನ್ನು 80ಕ್ಕೆ ನಿಲ್ಲಿಸಿದ್ದೇನೆ, ಲ್ಯಾಪ್‌ಟಾಪನ್ನು ತಗಡಿನ ಕೋಣೆಯಿಂದ ಪಡಸಾಲೆಗೆ ತಂದಿದ್ದೇನೆ.

ಮುಂದಿನ ವರ್ಷವೇ ಲ್ಯಾಪ್‌ಟಾಪ್ ಬದಲಿಸುವವರಾದರೆ 1,900ರದ್ದೇ ಸಾಕು, ಕೀಲಿ ಒತ್ತಿಕೊಳ್ಳಿ. ನನ್ನದು ಇನ್ನೂ ನಾಲ್ಕು ಲಗ್ನಸರಾಯಿ ದುಡಿಯಬೇಕು. ಸೆಲ್ ಬದಲಿಸಿದ ಆ ಪ್ಯಾಕನ್ನು ಹುಬ್ಬಳ್ಳಿಯಲ್ಲೇ ಹಳೆಯ ಬ್ಯಾಟರಿಗಳ ಡಬ್ಬಿಗೆ ಹಾಕಿ ಬಂದೆ.