ಕಾರವಾರದ ಡಿಟಿಪಿ ಅಂಗಡಿ: ಪ್ರಿಂಟ್ ಸುಮಾರು, ಅಪಾಸ್ಟ್ರಫಿ ಪಕ್ಕಾ

ಕಾರವಾರದಲ್ಲಿ ಇಂಗ್ಲಿಷ್ ಅರ್ಜಿ, ರೆಸ್ಯೂಮ್, ರಾಜೀನಾಮೆ ಪತ್ರ ಟೈಪ್ ಮಾಡಿಸಬೇಕಾ? ಕೋರ್ಟ್ ಹತ್ತಿರದ ಓಣಿಯಲ್ಲಿರುವ ಈ ಪುಟ್ಟ ಅಂಗಡಿಗೆ ಹೋಗಿ. ಕೂರಲು ಜಾಗ ಇಲ್ಲ, ಪ್ರಿಂಟ್ ಸ್ವಲ್ಪ ಮಸುಕು, ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ಯಾವಾಗ ತೆಗೆಯುತ್ತಾರೋ ದೇವರೇ ಬಲ್ಲ. ಆದರೆ ಟೈಪ್ ಮಾಡುವ ಅಕ್ಕನಿಗೆ ಅಪಾಸ್ಟ್ರಫಿ (’ ಚಿಹ್ನೆ) ಎಲ್ಲಿ ಬರಬೇಕು ಅಂತ ಗೊತ್ತು.

ಅದೇನು ಮಹಾ ಅನ್ನಬೇಡಿ. ಕೈಗಾ ಕಡೆಯ ಕೆಲಸಕ್ಕೆ ಹಾಕುವ ರೆಸ್ಯೂಮ್‌ಗಳಲ್ಲಿ 'ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್' ನೋಡಿ. ಚಿಹ್ನೆ ಇರುವುದೇ ಕಡಿಮೆ, ಇದ್ದರೂ ತಪ್ಪು ಕಡೆ. ಬಾಯಲ್ಲಿ ಹೇಳುವಾಗ ಎಲ್ಲ ಒಂದೇ ಥರ ಕೇಳಿಸುತ್ತದೆ, ಅಲ್ವಾ?

ನಾನು ನನ್ನ ರಾಜೀನಾಮೆ ಪತ್ರವನ್ನು ಬಾಯಲ್ಲೇ ಹೇಳುತ್ತಾ ಹೋದೆ. 'ಟೂ ಮಂತ್ಸ್ ನೋಟಿಸ್' ಬಂದಾಗ ಅವರು ಎಸ್ ಆದ ಮೇಲೆ ಚಿಹ್ನೆ ಹಾಕಿದರು. ಕೇಳಿದ್ದಕ್ಕೆ ಕೈ ನಿಲ್ಲಿಸದೆ ವಿವರಿಸಿದರು: ಒಂದೇ ತಿಂಗಳಾದರೆ ಎಸ್‌ಗಿಂತ ಮೊದಲು, ಎರಡು ಅಥವಾ ಜಾಸ್ತಿ ಆದರೆ ಎಸ್ ಆದ ಮೇಲೆ. ನಡುವೆ 'ಆಫ್' ಸೇರಿಸಿ 'ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್' ಅಂತ ಬರೆದರೆ ಚಿಹ್ನೆಯೇ ಬೇಡ.

ಗೊಂದಲ ಆದರೆ ಕನ್ನಡದಲ್ಲಿ ಹೇಳಿ ನೋಡಿ ಅಂದರು. 'ಮೂರು ದಿನದ ರಜೆ', ಇಲ್ಲಿ 'ದ' ಇದೆ, 'ತ್ರೀ ಡೇಸ್ ಲೀವ್'ಗೆ ಎಸ್ ನಂತರ ಚಿಹ್ನೆ ಬೇಕು. 'ಮೂರು ದಿನ ತಡ' ಅನ್ನುವಾಗ 'ದ' ಇಲ್ಲ, ಹಾಗಾಗಿ 'ತ್ರೀ ಡೇಸ್ ಲೇಟ್'ಗೆ ಬೇಡ. ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ ಅನ್ನಿ: 'ಹತ್ತು ವರ್ಷದ ಮಗು'ವಿನಲ್ಲೂ 'ದ' ಇದೆ, ಆದರೆ ಇಂಗ್ಲಿಷಿನಲ್ಲಿ 'ಟೆನ್-ಇಯರ್-ಓಲ್ಡ್', ಎಸ್ ಕೂಡ ಇಲ್ಲ, ನಡುವೆ ಬರೀ ಅಡ್ಡಗೆರೆ. 'ಐದು ನಿಮಿಷದ ದಾರಿ'ಗೆ ಎರಡೂ ನಡೆಯುತ್ತದೆ: ಎಸ್ ಹಾಕಿ ಅದಾದ ಮೇಲೆ ಚಿಹ್ನೆ, ಇಲ್ಲವೇ ಎಸ್ ಬಿಟ್ಟು ಅಡ್ಡಗೆರೆಯ 'ಫೈವ್-ಮಿನಿಟ್ ವಾಕ್'. ಎರಡನ್ನೂ ಬೆರೆಸಬಾರದು ಅಷ್ಟೇ.

ಇಷ್ಟೆಲ್ಲ ಹೇಳಿದ್ದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಪುಟದ ರೇಟು ಮಾತ್ರ ಬೇರೆ ಅಂಗಡಿಗಳಿಗಿಂತ ತುಸು ಜಾಸ್ತಿ. ನನಗೇನೂ ಬೇಜಾರಿಲ್ಲ, ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಕನ್ನಡ ಟೈಪಿಂಗ್‌ಗೆ ಹೋಗುವವರು ಸ್ವಲ್ಪ ಹುಷಾರು. ಫೈಲ್ ಹಳೆಯ ನುಡಿ ಫಾಂಟಿನಲ್ಲಿ ಕೊಡುತ್ತಾರೆ, ಯುನಿಕೋಡ್ ಅಲ್ಲ. ಮೊಬೈಲಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಲ್ಲೇ ನಿಂತು ಪಿಡಿಎಫ್ ಮಾಡಿಸಿಕೊಳ್ಳಿ.